ಬಾರ್ ನಿಂತಿದೆ, ಕೆಲಸ ನಡೆಯುತ್ತಿದೆಯೇ? ಎಐ ಚಿತ್ರಗಳ ದೀರ್ಘ ಸರದಿಯಲ್ಲಿ ದೋಷ ಹುಡುಕುವ ಕ್ರಮ

ಒಂದೆರಡು ಚಿತ್ರ ತೆಗೆಯುವಾಗ ಪ್ರೋಗ್ರೆಸ್ ಬಾರ್ ಕಡೆ ಯಾರೂ ನೋಡುವುದಿಲ್ಲ. ನೂರಿನ್ನೂರು ಚಿತ್ರಗಳನ್ನು ಸರದಿಗೆ ಹಾಕಿ ರಾತ್ರಿಯಿಡೀ ಓಡಲು ಬಿಟ್ಟಾಗ ಮಾತ್ರ ಅದು ಮುಖ್ಯವಾಗುತ್ತದೆ. ಅದರ ಮೇಲೆ ಪೂರ್ತಿ ನಂಬಿಕೆ ಇಡಬಾರದ ಹೊತ್ತೂ ಅದೇ. ಬಾರ್ ಎಣಿಸುವುದು ಸ್ಯಾಂಪ್ಲಿಂಗ್ ಸ್ಟೆಪ್ಪುಗಳನ್ನು, ಅಂದರೆ ಚಿತ್ರ ಹಂತ ಹಂತವಾಗಿ ಮೂಡುವ ಸುತ್ತುಗಳನ್ನು ಮಾತ್ರ. ಚಿತ್ರ ಬಿಡಿಸುವ ಎಐ ಮಾದರಿಯನ್ನು (ಮಾಡೆಲ್) ಡಿಸ್ಕಿನಿಂದ ಎತ್ತಿಕೊಳ್ಳುವುದು, ನೀವು ಬರೆದ ಪ್ರಾಂಪ್ಟನ್ನು ಸಂಖ್ಯೆಗಳಾಗಿಸುವುದು, ಕೊನೆಯಲ್ಲಿ ವಿಎಇ ಎಂಬ ಭಾಗ ಅದನ್ನು ನಿಜವಾದ ಚಿತ್ರವಾಗಿ ಬಿಡಿಸುವುದು, ಫೈಲ್ ಉಳಿಸುವುದು, ಇದ್ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಬಾರ್ ನಿಂತಿದ್ದರೂ ಕೆಲಸ ನಡೆಯುತ್ತಿರಬಹುದು, ಬಾರ್ ಓಡುತ್ತಿದ್ದರೂ ಹೊರಬರುವುದು ಬರೀ ಕಪ್ಪು ಚೌಕವಿರಬಹುದು.

ಇಲ್ಲಿ ಹೇಳುವುದು ಸ್ವಂತ ಕಂಪ್ಯೂಟರಿನಲ್ಲೋ ಬಾಡಿಗೆಯ ಯಂತ್ರದಲ್ಲೋ ಸ್ಟೇಬಲ್ ಡಿಫ್ಯೂಷನ್, ಫ್ಲಕ್ಸ್ ಮುಂತಾದ ಮಾದರಿಗಳನ್ನು ಆಟೊಮ್ಯಾಟಿಕ್1111 ಅಥವಾ ಕಂಫಿಯುಐ ಎಂಬ, ಬ್ರೌಸರಿನಲ್ಲಿ ತೆರೆದುಕೊಳ್ಳುವ ಪ್ರೋಗ್ರಾಂಗಳ ಮೂಲಕ ಓಡಿಸುವವರಿಗೆ. ಗ್ರಾಫಿಕ್ಸ್ ಕಾರ್ಡು ಎನ್‌ವಿಡಿಯಾದ್ದು ಎಂದಿಟ್ಟುಕೊಂಡಿದ್ದೇನೆ.

ಯಾವ ಲಕ್ಷಣವೇ ಇರಲಿ, ಮೊದಲು ಮೂರು ಕಡೆ ನೋಡಿ: ಬ್ರೌಸರ್, ಹಿಂದೆ ಓಡುತ್ತಿರುವ ಕಪ್ಪು ಟರ್ಮಿನಲ್ ಕಿಟಕಿ, ಗ್ರಾಫಿಕ್ಸ್ ಕಾರ್ಡು. ಮೂರನೆಯದಕ್ಕೆ ಇನ್ನೊಂದು ಟರ್ಮಿನಲ್ ತೆರೆದು ಎನ್‌ವಿಡಿಯಾ-ಎಸ್‌ಎಂಐ (nvidia-smi) ಕಮಾಂಡ್ ಕೊಟ್ಟರೆ ಸಾಕು. ಕಾರ್ಡು ಶೇಕಡಾ ಎಷ್ಟು ದುಡಿಯುತ್ತಿದೆ, ಎಷ್ಟು ಮೆಮೊರಿ ತುಂಬಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ವಾಟ್ ಎಳೆಯುತ್ತಿದೆ ಎಂಬುದೆಲ್ಲ ಒಂದೇ ಪರದೆಯಲ್ಲಿ ಸಿಗುತ್ತದೆ. ಮೂರೂ ಒಂದೇ ಮಾತು ಹೇಳಿದರೆ ನಂಬಿ. ಒಂದಕ್ಕೊಂದು ತಾಳೆಯಾಗದಿದ್ದರೆ ದೋಷದ ಜಾಗ ಅಲ್ಲೇ ಇದೆ.

ಬಾರ್ 0 ಬಿಟ್ಟು ಕದಲುತ್ತಿಲ್ಲ

ಹತ್ತರಲ್ಲಿ ಎಂಟು ಸಲ ಇದು ದೋಷವೇ ಅಲ್ಲ, ಮಾದರಿ ಲೋಡ್ ಆಗುತ್ತಿರುತ್ತದೆ. ಸ್ಟೇಬಲ್ ಡಿಫ್ಯೂಷನ್‌ನ ದೊಡ್ಡ ಮಾದರಿ ಎಸ್‌ಡಿಎಕ್ಸ್‌ಎಲ್‌ನ ಮೂಲ ಫೈಲೇ ಸುಮಾರು 7 ಜಿಬಿ. ಫ್ಲಕ್ಸ್ ಡೆವ್ ಮಾದರಿಯ ಪೂರ್ಣ ಫೈಲು 24 ಜಿಬಿಯ ಹತ್ತಿರ. ಹಳೆಯ ಹಾರ್ಡ್ ಡಿಸ್ಕಿನಿಂದ ಇಷ್ಟನ್ನು ಓದಲು ನಿಮಿಷಗಳೇ ಹಿಡಿಯುತ್ತವೆ. ಹೊಸ ಮಾದರಿಯನ್ನು ಮೊದಲ ಸಲ ಆರಿಸಿದಾಗ ಆಟೊಮ್ಯಾಟಿಕ್1111 ಆ ಫೈಲಿನ ಗುರುತಿನ ಸಂಖ್ಯೆಯನ್ನೂ ಲೆಕ್ಕ ಹಾಕುತ್ತದೆ, ಅದಕ್ಕೆ ಇಡೀ ಫೈಲನ್ನು ಓದಲೇಬೇಕು. ಕೆಲವು ಎಕ್ಸ್‌ಟೆನ್ಷನ್‌ಗಳು ಮೊದಲ ಬಳಕೆಯಲ್ಲಿ ತಮಗೆ ಬೇಕಾದ ಮಾದರಿಯನ್ನು ತಾವಾಗಿಯೇ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತವೆ. ಬ್ರೌಸರ್ ಇದನ್ನು ತೋರಿಸುವುದಿಲ್ಲ, ಟರ್ಮಿನಲ್ ತೋರಿಸುತ್ತದೆ.

ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಮತ್ತು ನೆಟ್‌ವರ್ಕ್ ಗ್ರಾಫ್ ನೋಡಿ. ಎರಡರಲ್ಲಿ ಒಂದು ಜೋರಾಗಿದ್ದರೆ ಸುಮ್ಮನೆ ಕಾಯಿರಿ. ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡು ಮೌಸ್ ಕೂಡ ತಡವರಿಸುತ್ತಿದ್ದರೆ ರ್‍ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ರ್‍ಯಾಮ್‌ ಆಗಿ ಬಳಸುತ್ತಿದೆ ಎಂದರ್ಥ. ಬ್ರೌಸರಿನ ಬೇಡದ ಟ್ಯಾಬುಗಳನ್ನು ಮುಚ್ಚಿ. ಅದರಿಂದಲೂ ಹಗುರಾಗದಿದ್ದರೆ ಚಿಕ್ಕ ಮಾದರಿಗೆ ಇಳಿಯುವುದೇ ವಾಸಿ.

ಡಿಸ್ಕ್, ನೆಟ್‌ವರ್ಕ್, ಪ್ರೊಸೆಸರ್, ಕಾರ್ಡು ನಾಲ್ಕೂ ತಣ್ಣಗಿವೆಯೇ? ಹಾಗಾದರೆ ಮುಂದಿನ ಲಕ್ಷಣ ಓದಿ.

ಎಲ್ಲವೂ ಏಕಾಏಕಿ ಹೆಪ್ಪುಗಟ್ಟಿದಂತಿದೆ, ಆದರೆ ಎರರ್ ಬಂದಿಲ್ಲ

ವಿಂಡೋಸ್‌ನಲ್ಲಿ ಟರ್ಮಿನಲ್ ಕಿಟಕಿಯ ತಲೆಬರಹ ನೋಡಿ. ಹೆಸರಿನ ಮುಂದೆ 'ಸೆಲೆಕ್ಟ್' ಎಂದಿದ್ದರೆ ಗುಟ್ಟು ಬಯಲಾಯಿತು. ವಿಂಡೋಸ್‌ನ ಹಳೆಯ ಕನ್ಸೋಲ್ ಕಿಟಕಿಯೊಳಗೆ ಮೌಸ್ ಒತ್ತಿದರೆ ಅದು ಅಕ್ಷರ ಆರಿಸುವ ಸ್ಥಿತಿಗೆ ಹೋಗುತ್ತದೆ, ಹೊಸ ಸಾಲು ಬರೆಯಲು ಹೋದ ಪ್ರೋಗ್ರಾಂ ಅಲ್ಲೇ ಕಾಯುತ್ತಾ ನಿಲ್ಲುತ್ತದೆ. ಎಸ್ಕೇಪ್ ಅಥವಾ ಎಂಟರ್ ಒತ್ತಿ, ಬಿಟ್ಟಲ್ಲಿಂದ ಓಡತೊಡಗುತ್ತದೆ. ಇನ್ನೆಂದೂ ಹೀಗಾಗದಿರಲು ಆ ಕಿಟಕಿಯ ಪ್ರಾಪರ್ಟೀಸ್‌ಗೆ ಹೋಗಿ ಕ್ವಿಕ್ ಎಡಿಟ್ ಆಯ್ಕೆಯ ಟಿಕ್ ತೆಗೆಯಿರಿ. ಕಾಸು ಖರ್ಚಿಲ್ಲದ ಪರೀಕ್ಷೆ. ಇದನ್ನು ಮಾಡದೆ ಡ್ರೈವರ್ ಮರುಸ್ಥಾಪನೆಗೆ ಹೊರಡುವವರೇ ಜಾಸ್ತಿ.

ಬ್ರೌಸರಿನಲ್ಲಿ ನಿಂತಿದೆ, ಟರ್ಮಿನಲ್‌ನಲ್ಲಿ ಓಡುತ್ತಿದೆ

ಕೆಲಸಕ್ಕೆ ಏನೂ ಆಗಿಲ್ಲ, ಪುಟದ ಸಂಪರ್ಕ ಮಾತ್ರ ಕಡಿದಿದೆ. ಮೆಮೊರಿ ಉಳಿಸಲೆಂದು ಬ್ರೌಸರ್ ಹಿಂದಿನ ಟ್ಯಾಬನ್ನು ಮಲಗಿಸಿರಬಹುದು, ವೈಫೈ ಒಂದು ಕ್ಷಣ ತಪ್ಪಿರಬಹುದು. ಈ ಹೊತ್ತಿನಲ್ಲಿ ಮಾಡಬಾರದ್ದು ಒಂದೇ: ಜನರೇಟ್ ಬಟನನ್ನು ಮತ್ತೆ ಒತ್ತುವುದು. ಹಳೆಯದು ಇನ್ನೂ ಓಡುತ್ತಿರುವಾಗ ಹೊಸದೊಂದು ಸರದಿಗೆ ಸೇರಿಕೊಳ್ಳುತ್ತದೆ.

ಔಟ್‌ಪುಟ್ ಫೋಲ್ಡರ್ ತೆರೆದು ಕೊನೆಯ ಫೈಲಿನ ಸಮಯ ನೋಡಿ. ಐದು ನಿಮಿಷದ ಹಿಂದಿನ ಚಿತ್ರವೊಂದು ಅಲ್ಲಿದ್ದರೆ ನಿಶ್ಚಿಂತೆಯಿಂದ ಪುಟವನ್ನು ರಿಫ್ರೆಶ್ ಮಾಡಿ. ನನ್ನ ಮಟ್ಟಿಗೆ ಈ ಫೋಲ್ಡರಿನಷ್ಟು ನಂಬಿಕಸ್ಥ ಮೀಟರ್ ಬೇರೊಂದಿಲ್ಲ.

ಇನ್ನೂ ನಿಖರ ಉತ್ತರ ಬೇಕಿದ್ದರೆ ಪ್ರೋಗ್ರಾಮನ್ನೇ ಕೇಳಬಹುದು. ಕಂಫಿಯುಐ ಸಾಮಾನ್ಯವಾಗಿ 8188ನೇ ಪೋರ್ಟಿನಲ್ಲಿರುತ್ತದೆ. ಆ ವಿಳಾಸದ ಕೊನೆಗೆ ಓರೆಗೆರೆ ಹಾಕಿ 'ಕ್ಯೂ' (queue) ಎಂದು ಸೇರಿಸಿದರೆ ಓಡುತ್ತಿರುವ ಮತ್ತು ಬಾಕಿ ಇರುವ ಕೆಲಸಗಳ ಪಟ್ಟಿ ಬರುತ್ತದೆ, 'ಹಿಸ್ಟರಿ' (history) ಎಂದರೆ ಮುಗಿದವು. ಆಟೊಮ್ಯಾಟಿಕ್1111 ಇರುವುದು 7860ರಲ್ಲಿ. ಅದನ್ನು ಹೊರಗಿನ ಪ್ರಶ್ನೆಗಳಿಗೆ ಉತ್ತರಿಸಲು ಬಿಡುವ ಎಪಿಐ ಆಯ್ಕೆಯೊಂದಿಗೆ (--api) ಶುರು ಮಾಡಿದ್ದರೆ 'ಎಸ್‌ಡಿಎಪಿಐ', 'ವಿ1', 'ಪ್ರೋಗ್ರೆಸ್' (/sdapi/v1/progress) ಎಂಬ ವಿಳಾಸದಲ್ಲಿ ಎಷ್ಟು ಭಾಗ ಮುಗಿಯಿತು, ಇನ್ನೆಷ್ಟು ಸೆಕೆಂಡು ಬೇಕು, ಎಷ್ಟನೇ ಸ್ಟೆಪ್ ನಡೆಯುತ್ತಿದೆ ಎಂಬುದು ಸಿಗುತ್ತದೆ. ಮೊಬೈಲಿನಿಂದ ಇಷ್ಟನ್ನು ನೋಡಿದರೆ ಸಾಕಾಗುತ್ತದೆ, ಇಡೀ ಪುಟವನ್ನು ತೆರೆದಿಡಬೇಕಾಗಿಲ್ಲ.

ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಎಂಬ ಟರ್ಮಿನಲ್ ಸಂಪರ್ಕದ ಮೂಲಕ ಹೋಗಿ ನೇರವಾಗಿ ಪ್ರೋಗ್ರಾಂ ಶುರು ಮಾಡಿದ್ದರೆ ಮಾತು ಬೇರೆ. ಸಂಪರ್ಕ ಕಡಿದರೆ ಅದೂ ಸಾಯುತ್ತದೆ. ಟಿಮಕ್ಸ್ (tmux) ಅಥವಾ ಸ್ಕ್ರೀನ್ (screen) ಎಂಬ ಪ್ರೋಗ್ರಾಂ ಒಳಗೆ ಶುರು ಮಾಡಿದರೆ ನೀವು ಲ್ಯಾಪ್‌ಟಾಪ್ ಮುಚ್ಚಿದರೂ ಅದರ ಪಾಡಿಗೆ ಅದು ಓಡುತ್ತಿರುತ್ತದೆ. ಇಂಟರ್ನೆಟ್ಟಿನಲ್ಲಿ ಯಂತ್ರ ಒದಗಿಸುವ ಗೂಗಲ್ ಕೊಲ್ಯಾಬ್‌ನ ಉಚಿತ ಯಂತ್ರ ಹೆಚ್ಚೆಂದರೆ 12 ಗಂಟೆ ಸಿಗುತ್ತದೆ, ಅದಕ್ಕೂ ಮೊದಲೇ ಕಿತ್ತುಕೊಳ್ಳಬಹುದು. ಕಿತ್ತುಕೊಂಡಾಗ ಅದರ ಡಿಸ್ಕಿನಲ್ಲಿದ್ದದ್ದೂ ಹೋಗುತ್ತದೆ, ಆದ್ದರಿಂದ ಚಿತ್ರಗಳು ನೇರ ಗೂಗಲ್ ಡ್ರೈವ್‌ಗೆ ಬೀಳುವಂತೆ ಮೊದಲೇ ಹೊಂದಿಸಿ.

ಶೇ. 95ರ ತನಕ ಸಲೀಸು, ಆಮೇಲೆ ಕಲ್ಲು

ಸ್ಟೆಪ್ಪುಗಳು ನಡೆಯುವಾಗ ಕಾರ್ಡು ಕೈಯಾಡಿಸುತ್ತಿರುವುದು ಪೂರ್ಣ ಚಿತ್ರದ ಮೇಲಲ್ಲ. 1024×1024ರ ಚಿತ್ರ ಒಳಗೆ 128×128ರ ಪುಟ್ಟ ರೂಪದಲ್ಲಿರುತ್ತದೆ. ಕೊನೆಯಲ್ಲಿ ವಿಎಇ ಅದನ್ನು ಉದ್ದಕ್ಕೂ ಅಗಲಕ್ಕೂ ಎಂಟು ಪಟ್ಟು ಹಿಗ್ಗಿಸುತ್ತದೆ. ಮೆಮೊರಿಯ ಬೇಡಿಕೆ ಏಕ್‌ದಂ ಏರುವುದು ಆಗಲೇ. ಮದುವೆಮನೆಯಲ್ಲಿ ಅಡುಗೆಯೆಲ್ಲ ಮುಗಿದು ಒಂದೇ ಪಂಕ್ತಿಗೆ ಎಲ್ಲರೂ ಬಂದು ಕೂತಂತೆ.

ಎನ್‌ವಿಡಿಯಾ-ಎಸ್‌ಎಂಐನಲ್ಲಿ ಮೆಮೊರಿ ಅಂಚಿಗೆ ತಾಗಿ, ಕಾರ್ಡು ಶೇ. 100 ದುಡಿಯುತ್ತಿದ್ದೂ ವಾಟ್ ಮಾತ್ರ ಅರ್ಧಕ್ಕೆ ಇಳಿದಿದ್ದರೆ ಕಾರಣ ಇದೇ. ವಾಟ್ ಯಾಕೆ ಮುಖ್ಯ? ಮೆಮೊರಿಗಾಗಿ ಕಾಯುತ್ತಿರುವ ಕಾರ್ಡೂ ತಾನು ಪೂರ್ತಿ ದುಡಿಯುತ್ತಿದ್ದೇನೆಂದೇ ತೋರಿಸಿಕೊಳ್ಳುತ್ತದೆ, ಆದರೆ ಕರೆಂಟು ಅಷ್ಟು ಎಳೆಯುವುದಿಲ್ಲ. ಕಂಫಿಯುಐ ಆದರೆ ಮೆಮೊರಿ ಸಾಲಲಿಲ್ಲ, ತುಂಡು ತುಂಡಾಗಿ ಡಿಕೋಡ್ ಮಾಡುತ್ತೇನೆ ಎಂಬ ಅರ್ಥದ ಎಚ್ಚರಿಕೆಯನ್ನು ಟರ್ಮಿನಲ್‌ನಲ್ಲಿ ಬರೆದು ತಾನೇ ದಾರಿ ಬದಲಿಸುತ್ತದೆ. ಅದು ಎರರ್ ಅಲ್ಲ, ನಿಧಾನವಾದರೂ ಮುಗಿಯುತ್ತದೆ.

ಪರಿಹಾರವನ್ನು ಈ ಕ್ರಮದಲ್ಲಿ ನೋಡಿ. ಮೊದಲು ಬ್ಯಾಚ್ ಸೈಜ್ 1ಕ್ಕೆ ಇಳಿಸಿ ಬ್ಯಾಚ್ ಕೌಂಟ್ ಏರಿಸಿ. ಮೊದಲನೆಯದು ಒಟ್ಟಿಗೆ ತಯಾರಾಗುವ ಚಿತ್ರಗಳು, ಎರಡನೆಯದು ಒಂದಾದ ಮೇಲೊಂದು. ಬರುವ ಚಿತ್ರಗಳು ಅಷ್ಟೇ, ಮೆಮೊರಿ ಮಾತ್ರ ಉಳಿಯುತ್ತದೆ. ಆಮೇಲೆ ತುಂಡು ತುಂಡಾಗಿ ಬಿಡಿಸುವ ಟೈಲ್ಡ್ ವಿಎಇ ಡಿಕೋಡ್ ಬಳಸಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಅಳತೆ ತಗ್ಗಿಸಿ.

ಆಟೊಮ್ಯಾಟಿಕ್1111ರಲ್ಲಿ ಹೈರೆಸ್ ಫಿಕ್ಸ್ (ಚಿತ್ರವನ್ನು ಹಿಗ್ಗಿಸಿ ಮತ್ತೆ ತಿದ್ದುವ ಆಯ್ಕೆ) ಹಾಕಿದ್ದರೆ ಟರ್ಮಿನಲ್‌ನಲ್ಲಿ ಒಂದು ಬಾರ್ ತುಂಬಿದ ಮೇಲೆ ಇನ್ನೊಂದು ಶುರುವಾಗುವುದು ಸಹಜ. ಎರಡನೆಯದರ ಪ್ರತಿ ಸ್ಟೆಪ್ಪೂ ದೊಡ್ಡ ಚಿತ್ರದ ಮೇಲೆ ನಡೆಯುವುದರಿಂದ ಮೊದಲಿನ ವೇಗವನ್ನು ಅಲ್ಲಿ ನಿರೀಕ್ಷಿಸಬೇಡಿ. ಚಿತ್ರ ಮೂಡುವುದನ್ನು ನಡುನಡುವೆ ತೋರಿಸುವ ಲೈವ್ ಪ್ರಿವ್ಯೂವನ್ನು 'ಫುಲ್' ಎಂದು ಇಟ್ಟುಕೊಂಡವರೂ ಸುಮ್ಮನೆ ಸಮಯ ಕಳೆಯುತ್ತಿರುತ್ತಾರೆ. ಪ್ರತಿ ಇಣುಕಿಗೂ ವಿಎಇ ಪೂರ್ತಿ ಓಡಬೇಕಾಗುತ್ತದೆ. ಟಿಎಇಎಸ್‌ಡಿಯಂಥ ಹಗುರ ಆಯ್ಕೆ ಪ್ರಗತಿ ತಿಳಿಯಲು ಧಾರಾಳ ಸಾಕು.

ಸಂಜೆ ಓಡುತ್ತಿತ್ತು, ರಾತ್ರಿ ತೆವಳುತ್ತಿದೆ

ಟರ್ಮಿನಲ್ ಬಾರಿನ ಬಲತುದಿಯ ಸಂಖ್ಯೆಯನ್ನು ಓದುವಾಗ ಅದರ ಮುಂದಿನ ಅಕ್ಷರಗಳನ್ನೂ ಓದಿ. 'ಐಟಿ/ಎಸ್' ಎಂದರೆ ಸೆಕೆಂಡಿಗೆ ಇಷ್ಟು ಸ್ಟೆಪ್. ವೇಗ ಸೆಕೆಂಡಿಗೆ ಒಂದಕ್ಕಿಂತ ಕೆಳಗಿಳಿದರೆ ಅದು ತನ್ನಿಂದ ತಾನೇ 'ಎಸ್/ಐಟಿ' ಆಗುತ್ತದೆ, ಅಂದರೆ ಒಂದು ಸ್ಟೆಪ್ಪಿಗೆ ಇಷ್ಟು ಸೆಕೆಂಡ್. 2 ಅನ್ನುವುದು 2 ಆಗಿಯೇ ಉಳಿದು ಅಕ್ಷರ ಮಾತ್ರ ತಿರುಗಿದ್ದರೆ ಕೆಲಸ ನಾಲ್ಕು ಪಟ್ಟು ನಿಧಾನವಾಗಿದೆ.

ಯಾಕೆ ನಿಧಾನವಾಯಿತು? ವಿಂಡೋಸ್ ಆಗಿದ್ದರೆ ಮೊದಲ ಅನುಮಾನ ಮೆಮೊರಿ ತುಳುಕಿದ್ದರ ಮೇಲೆ. 2023ರ 536.40 ಆವೃತ್ತಿಯಿಂದ ಎನ್‌ವಿಡಿಯಾ ಡ್ರೈವರ್, ಕಾರ್ಡಿನ ಮೆಮೊರಿ ತುಂಬುತ್ತಾ ಬಂದಾಗ ಎರರ್ ಕೊಡುವ ಬದಲು ಕಂಪ್ಯೂಟರಿನ ಸಾಮಾನ್ಯ ರ್‍ಯಾಮ್‌ಗೆ ಕೈಚಾಚುತ್ತದೆ. ಕೆಲಸ ನಿಲ್ಲುವುದಿಲ್ಲ ಎಂಬುದು ಒಳ್ಳೆಯದೇ, ಆದರೆ ಎಂಟು ಸೆಕೆಂಡಿನ ಚಿತ್ರ ನಿಮಿಷಗಟ್ಟಲೆ ಎಳೆಯುತ್ತದೆ. ಟಾಸ್ಕ್ ಮ್ಯಾನೇಜರಿನ ಜಿಪಿಯು (ಗ್ರಾಫಿಕ್ಸ್ ಕಾರ್ಡು) ಪುಟದಲ್ಲಿ 'ಶೇರ್ಡ್ ಜಿಪಿಯು ಮೆಮೊರಿ' ಏರುತ್ತಾ ಹೋಗಿದ್ದರೆ ಇದೇ ರೋಗ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ ತ್ರೀಡಿ ಸೆಟ್ಟಿಂಗ್‌ಗಳಲ್ಲಿ ಸಿಸ್‌ಮೆಮ್ ಫಾಲ್‌ಬ್ಯಾಕ್ ಎಂಬ ಆಯ್ಕೆಯಿದೆ, ಅದನ್ನು ಬೇಡವೆಂದು ಮಾಡಬಹುದು. ರಾತ್ರಿಯಿಡೀ ತೆವಳುವುದಕ್ಕಿಂತ ಮೊದಲ ಚಿತ್ರದಲ್ಲೇ ಮೆಮೊರಿ ಸಾಲದೆಂದು ಬಿದ್ದುಬಿಡುವುದು ನನಗೆ ಮೇಲೆನಿಸುತ್ತದೆ. ಏನು ತಗ್ಗಿಸಬೇಕೆಂದು ತಕ್ಷಣ ತಿಳಿಯುತ್ತದೆ. ಪಕ್ಕದಲ್ಲಿ ಯೂಟ್ಯೂಬ್, ಗೇಮ್ ಅಥವಾ ಎರಡನೇ ಎಐ ಪ್ರೋಗ್ರಾಂ ತೆರೆದಿದ್ದರೆ ಅವೂ ಅದೇ ಮೆಮೊರಿಯಲ್ಲಿ ಪಾಲು ಕೇಳುತ್ತವೆ.

ಎರಡನೆಯದು ಬಿಸಿ. ಅನೇಕ ಜಿಫೋರ್ಸ್ ಕಾರ್ಡುಗಳು 83 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆರು ಗಂಟೆ ಓಡುವ ಕಾರ್ಡಿಗೆ ತಂಗಾಳಿ ಎಲ್ಲಿಂದ ಬರಬೇಕು? ಎನ್‌ವಿಡಿಯಾ-ಎಸ್‌ಎಂಐಗೆ ಕ್ಯೂ, ಡಿ ಎಂಬ ಆಯ್ಕೆಗಳ ಜೊತೆ 'ಪರ್ಫಾರ್ಮೆನ್ಸ್' ಎಂದು (nvidia-smi -q -d PERFORMANCE) ಕೊಟ್ಟರೆ ವೇಗ ಇಳಿದ ಕಾರಣವನ್ನೇ ಹೇಳುತ್ತದೆ. 'ಥರ್ಮಲ್ ಸ್ಲೋಡೌನ್' ಎದುರು 'ಆ್ಯಕ್ಟಿವ್' ಎಂದಿದ್ದರೆ ಬಿಸಿ, 'ಪವರ್ ಕ್ಯಾಪ್' ಎದುರಿದ್ದರೆ ವಿದ್ಯುತ್ ಮಿತಿ. ಪವರ್ ಕ್ಯಾಪ್ ಪೂರ್ಣ ಭಾರದಲ್ಲಿ ಮಾಮೂಲು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬಿಸಿಯಾದರೆ ಮೊದಲು ಗಾಳಿ ಆಡುವ ಜಾಗ ಬಿಡಿಸಿ, ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಂದ ಎತ್ತಿ. ಧೂಳು ತೆಗೆಯುವುದಾದರೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಊದಿ. ಲ್ಯಾಪ್‌ಟಾಪಿನ ಚಾರ್ಜರ್ ಸಡಿಲವಾಗಿ ಬ್ಯಾಟರಿಯ ಮೇಲೆ ಓಡುತ್ತಿದ್ದರೂ ವೇಗ ಹೀಗೆಯೇ ಬೀಳುತ್ತದೆ.

ಟಾಸ್ಕ್ ಮ್ಯಾನೇಜರ್ ಜಿಪಿಯು ಬಳಕೆ ಶೇ. 3 ಎನ್ನುತ್ತಿದೆ, ಆದರೆ ಫ್ಯಾನ್ ಭರ್ರೆನ್ನುತ್ತಿದೆ ಎಂದು ಗಾಬರಿಯಾಗಬೇಡಿ. ಅಲ್ಲಿ ಕಾಣುವುದು ಆಟಗಳಿಗೆ ಸಂಬಂಧಿಸಿದ ತ್ರೀಡಿ ಗ್ರಾಫ್. ಅದನ್ನು ಎಐ ಲೆಕ್ಕಗಳನ್ನು ತೋರಿಸುವ 'ಕುಡಾ' (Cuda) ಎಂದು ಬದಲಿಸಿ. ಆ ಆಯ್ಕೆ ಕಾಣದಿದ್ದರೆ ಎನ್‌ವಿಡಿಯಾ-ಎಸ್‌ಎಂಐ ಹೇಳಿದ್ದೇ ಸರಿ.

ಒಂದೇ ಕ್ಷಣದಲ್ಲಿ ಮುಗಿಯಿತು ಎನ್ನುತ್ತದೆ, ಹೊಸ ಚಿತ್ರವಿಲ್ಲ

ಕಂಫಿಯುಐಗೆ ಹೊಸಬರು ಬೆಚ್ಚಿಬೀಳುವ ಜಾಗ. ಸೀಡ್ ಸಂಖ್ಯೆ (ಪ್ರತಿ ಚಿತ್ರವನ್ನು ಬೇರೆಯಾಗಿಸುವ ಆರಂಭದ ಸಂಖ್ಯೆ) ಬದಲಾಗದೆ, ಬೇರೇನೂ ಬದಲಾಗದೆ ಅದೇ ವರ್ಕ್‌ಫ್ಲೋ (ನೀವು ಜೋಡಿಸಿದ ಕೆಲಸದ ನಕ್ಷೆ) ಮತ್ತೆ ಸರದಿಗೆ ಬಂದರೆ ಅದು ಹಳೆಯ ಫಲಿತಾಂಶವನ್ನೇ ಇಟ್ಟುಕೊಂಡು ಸೊನ್ನೆ ಸೆಕೆಂಡಿನಲ್ಲಿ ಮುಗಿಯಿತು ಎಂದು ಬರೆಯುತ್ತದೆ. ಸೀಡ್ ಪ್ರತಿ ಸಲ ಬದಲಾಗುವಂತೆ 'ರ್‍ಯಾಂಡಮೈಸ್' ಆರಿಸಿ.

ಇದೇ ಜಾತಿಯ ಇನ್ನೊಂದು: 30 ಸ್ಟೆಪ್ ಕೇಳಿದ್ದೆ, ಬಾರ್ 15ಕ್ಕೇ ತುಂಬಿತು. ಆಟೊಮ್ಯಾಟಿಕ್1111ರಲ್ಲಿ ಚಿತ್ರದಿಂದ ಚಿತ್ರ ಮಾಡುವಾಗ ಡೀನಾಯ್ಸ್ (ಮೂಲ ಚಿತ್ರವನ್ನು ಎಷ್ಟು ಬದಲಿಸಬೇಕೆಂಬ ಸಂಖ್ಯೆ) 0.5 ಇದ್ದರೆ ಅರ್ಧದಷ್ಟು ಸ್ಟೆಪ್ ಮಾತ್ರ ಓಡುತ್ತದೆ. ದೋಷವಲ್ಲ.

ಬಾರ್ ಸರಿಯಾಗಿ ಓಡಿತು, ಚಿತ್ರ ಪೂರ್ತಿ ಕಪ್ಪು

ಪ್ರಿವ್ಯೂ ಕೊನೆಯವರೆಗೂ ಚೆನ್ನಾಗಿದ್ದು ಉಳಿದ ಫೈಲು ಕಪ್ಪಾಗಿದ್ದರೆ ತಪ್ಪು ವಿಎಇಯದ್ದು. ಎಸ್‌ಡಿಎಕ್ಸ್‌ಎಲ್‌ನ ಮೂಲ ವಿಎಇ 16 ಬಿಟ್ ಲೆಕ್ಕದಲ್ಲಿ ಮಿತಿ ಮೀರಿದ ಸಂಖ್ಯೆಗಳನ್ನು ಹುಟ್ಟಿಸಿ ಎಡವುತ್ತದೆ. ಅದಕ್ಕೆಂದೇ ತಿದ್ದಿದ ಎಫ್‌ಪಿ16 ವಿಎಇ ಫೈಲು ಸಿಗುತ್ತದೆ. ಅದಿಲ್ಲದಿದ್ದರೆ ಆಟೊಮ್ಯಾಟಿಕ್1111 ಅನ್ನು 'ನೋ ಹಾಫ್ ವಿಎಇ' (--no-half-vae) ಆಯ್ಕೆಯೊಂದಿಗೆ ಶುರು ಮಾಡಿ, ಸ್ವಲ್ಪ ಮೆಮೊರಿ ಹೆಚ್ಚು ತಿನ್ನುತ್ತದೆ. ಇನ್ನೂರರ ಸರದಿಯಲ್ಲಿ ಮೊದಲ ಚಿತ್ರವನ್ನು ಕಣ್ಣಾರೆ ನೋಡದೆ ಮಲಗಬೇಡಿ.

ಬೆಳಿಗ್ಗೆ ನೋಡಿದರೆ ಕೆಲಸವೇ ಮಾಯ

ಟರ್ಮಿನಲ್‌ನ ಕೊನೆಯ ಸಾಲು ಏನಿದೆ? 'ಕುಡಾ ಔಟ್ ಆಫ್ ಮೆಮೊರಿ' ಎಂದಿದ್ದರೆ ಕಾರ್ಡಿನ ಮೆಮೊರಿ ಸಾಲದು. ಲಿನಕ್ಸ್‌ನಲ್ಲಿ ಬರೀ 'ಕಿಲ್ಡ್' ಎಂಬ ಒಂದೇ ಪದವಿದ್ದರೆ ಮುಗಿದದ್ದು ಕಂಪ್ಯೂಟರಿನ ರ್‍ಯಾಮ್, ಆಪರೇಟಿಂಗ್ ಸಿಸ್ಟಂ ತಾನೇ ಪ್ರೋಗ್ರಾಮನ್ನು ಕೊಂದಿದೆ. ಎರಡರ ಮದ್ದು ಬೇರೆ ಬೇರೆ, ಬೆರೆಸಬೇಡಿ. 'ನೋ ಸ್ಪೇಸ್ ಲೆಫ್ಟ್' ಎಂದಿದ್ದರೆ ಡಿಸ್ಕ್ ತುಂಬಿದೆ. ಏನೂ ಇಲ್ಲದೆ ಕಿಟಕಿಯೇ ಇಲ್ಲವಾಗಿದ್ದರೆ ಕರೆಂಟು ಹೋಗಿತ್ತೋ, ವಿಂಡೋಸ್ ಅಪ್‌ಡೇಟ್ ಯಂತ್ರವನ್ನು ಮರುಚಾಲನೆ ಮಾಡಿತೋ ನೋಡಿ. ಸ್ಲೀಪ್‌ಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಮಾನಿಟರ್ ಆರಿದರೆ ತೊಂದರೆಯಿಲ್ಲ.

ಎಲ್ಲಿಂದ ಮುಂದುವರಿಸುವುದು ಎಂಬ ಚಿಂತೆ ಬೇಡ. ಪಿಎನ್‌ಜಿ ಫೈಲಿನೊಳಗೇ ಸೀಡ್, ಪ್ರಾಂಪ್ಟ್ ಎಲ್ಲ ಬರೆದಿರುತ್ತದೆ. ಕಂಫಿಯುಐನಲ್ಲಿ ಕೊನೆಯ ಚಿತ್ರವನ್ನು ಎಳೆದು ಕ್ಯಾನ್ವಾಸಿನ ಮೇಲೆ ಬಿಟ್ಟರೆ ಇಡೀ ವರ್ಕ್‌ಫ್ಲೋ ಮರಳಿ ಬರುತ್ತದೆ, ಆಟೊಮ್ಯಾಟಿಕ್1111ರಲ್ಲಿ ಪಿಎನ್‌ಜಿ ಇನ್ಫೋ ಟ್ಯಾಬ್ ಇದೆ.

ನೀವೇ ನಿಲ್ಲಿಸುವುದಾದರೆ ಮೊದಲು ಇಂಟರಪ್ಟ್ ಒತ್ತಿ. ಅದು ಸ್ಟೆಪ್ಪುಗಳ ನಡುವೆ ಮಾತ್ರ ಕೇಳಿಸಿಕೊಳ್ಳುತ್ತದೆ, ಲೋಡ್ ಅಥವಾ ಡಿಕೋಡ್ ನಡೆಯುವಾಗ ಕಿವುಡು. ಕಾದು ನೋಡಿ ಆಮೇಲೆ ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ. ಪವರ್ ಬಟನ್ ಕಟ್ಟಕಡೆಗೆ.

ಸರದಿ ಖಾಲಿ, ಫ್ಯಾನ್ ಮಾತ್ರ ಕೂಗುತ್ತಿದೆ

ಕೆಲಸ ಮುಗಿದ ಮೇಲೂ ಕಾರ್ಡಿನ ಮೆಮೊರಿ ತುಂಬಿರುವುದು ಸಹಜ, ಮಾದರಿ ಮುಂದಿನ ಚಿತ್ರಕ್ಕೆಂದು ಅಲ್ಲೇ ಕೂತಿರುತ್ತದೆ. ಕಾರ್ಡಿನ ಅಥವಾ ಪ್ರೊಸೆಸರಿನ ಬಳಕೆಯೇ ಏರಿದ್ದರೆ ಸಹಜವಲ್ಲ. ಮುಚ್ಚಿದೆ ಎಂದುಕೊಂಡ ಹಳೆಯ ಪೈಥಾನ್ ಪ್ರಕ್ರಿಯೆ (ಈ ಪ್ರೋಗ್ರಾಂಗಳು ಓಡುವುದು ಪೈಥಾನ್‌ನಲ್ಲಿ) ಹಿಂದೆ ಉಳಿದಿರಬಹುದು. ಬೇರೆ ಸಾಧನದಿಂದಲೂ ತೆರೆಯಲು ಬರುವಂತೆ 'ಲಿಸನ್' ಅಥವಾ 'ಶೇರ್' ಆಯ್ಕೆ ಹಾಕಿ ಪಾಸ್‌ವರ್ಡ್ ಇಡದೆ ಬಿಟ್ಟಿದ್ದರೆ ಯಾರೋ ಹೊರಗಿನವರು ನಿಮ್ಮ ಕಾರ್ಡಿನಲ್ಲಿ ತಮ್ಮ ಚಿತ್ರ ತೆಗೆಯುತ್ತಿರಬಹುದು, ಔಟ್‌ಪುಟ್ ಫೋಲ್ಡರ್ ಅದನ್ನೂ ಹೇಳುತ್ತದೆ.

ಇನ್ನೊಂದು ಸಾಧ್ಯತೆ ಗಂಭೀರ. 2024ರ ಡಿಸೆಂಬರಿನಲ್ಲಿ ಅಲ್ಟ್ರಾಲಿಟಿಕ್ಸ್ ಎಂಬ ಪೈಥಾನ್ ಪ್ಯಾಕೇಜಿನ 8.3.41 ಮತ್ತು 8.3.42 ಆವೃತ್ತಿಗಳೊಳಗೆ ಕ್ರಿಪ್ಟೋ ಮೈನರ್ (ನಿಮ್ಮ ಯಂತ್ರವನ್ನು ದುಡಿಸಿ ಬೇರೆಯವರಿಗೆ ಕ್ರಿಪ್ಟೋ ಹಣ ಗಳಿಸುವ ಪ್ರೋಗ್ರಾಂ) ಸೇರಿಕೊಂಡಿತ್ತು. ಕಂಫಿಯುಐನ ಕೆಲವು ಕಸ್ಟಮ್ ನೋಡ್‌ಗಳು (ಹೊರಗಿನವರು ಬರೆದ ಸೇರ್ಪಡೆಗಳು) ಆ ಪ್ಯಾಕೇಜನ್ನೇ ಎಳೆದುಕೊಳ್ಳುತ್ತವೆ. ಅದೇ ವರ್ಷದ ಜೂನ್‌ನಲ್ಲಿ ಎಲ್‌ಎಲ್‌ಎಂವಿಷನ್ ಹೆಸರಿನ ಕಸ್ಟಮ್ ನೋಡ್ ಬ್ರೌಸರಿನ ಪಾಸ್‌ವರ್ಡುಗಳನ್ನು ಕದಿಯುತ್ತಿದ್ದದ್ದು ಬಯಲಾಯಿತು. ಅಪರಿಚಿತ ಪ್ರಕ್ರಿಯೆ ಕಂಡರೆ ಮೊದಲು ನೆಟ್ ಕಡಿಯಿರಿ, ಬೇರೆ ಸಾಧನದಿಂದ ಪಾಸ್‌ವರ್ಡುಗಳನ್ನು ಬದಲಿಸಿ. ಆ ಯಂತ್ರವನ್ನು ಬಲ್ಲವರಿಗೆ ತೋರಿಸುವ ತನಕ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಇಲ್ಲಿಗೆ ಕೈ ಎತ್ತಿ

ಸುಟ್ಟ ವಾಸನೆ ಬಂದರೆ ಸರದಿ ಮುಗಿಯಲಿ ಎಂದು ಕಾಯಬೇಡಿ, ಗೋಡೆಯ ಸ್ವಿಚ್ಚನ್ನೇ ಆರಿಸಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ವಿದ್ಯುತ್ ಕನೆಕ್ಟರ್ ಕರಗಿದ ಪ್ರಕರಣಗಳು ಬಂದಾಗ ಪೂರ್ತಿ ಒಳಗೆ ಕೂರದ ಪ್ಲಗ್ ಒಂದು ಕಾರಣವೆಂದು ಎನ್‌ವಿಡಿಯಾ ಹೇಳಿತ್ತು. ಯಂತ್ರ ಆರಿದ ಮೇಲೆ ಆ ಪ್ಲಗ್ ಕೊನೆಯ ತನಕ ಕೂತಿದೆಯೇ, ಬಣ್ಣ ಮಾಸಿದೆಯೇ ನೋಡಬಹುದು, ಅಷ್ಟಕ್ಕೇ ನಿಲ್ಲಿ. ಪವರ್ ಸಪ್ಲೈ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಭಾರ ಬಿದ್ದೊಡನೆ ಇಡೀ ಕಂಪ್ಯೂಟರ್ ಫಟ್ಟನೆ ಆರುವುದು, ಪ್ರೋಗ್ರಾಂ ಶುರುವಾಗುವ ಮೊದಲೇ ಪರದೆಯಲ್ಲಿ ಬಣ್ಣದ ಚುಕ್ಕೆ ಗೆರೆಗಳು ಕಾಣುವುದು, ಲಿನಕ್ಸ್ ಲಾಗಿನಲ್ಲಿ ಎಕ್ಸ್‌ಐಡಿ 79 ಎಂದು, ಅಂದರೆ ಕಾರ್ಡು ಸಂಪರ್ಕಕ್ಕೇ ಸಿಗುತ್ತಿಲ್ಲವೆಂದು ಬರುವುದು, ಇವು ಸಾಫ್ಟ್‌ವೇರ್ ತಿದ್ದಿ ಹೋಗುವಂಥವಲ್ಲ. ವಾರಂಟಿ ಇದ್ದರೆ ಸೀಲ್ ಒಡೆಯದೆ ಸರ್ವಿಸ್ ಸೆಂಟರಿಗೆ ಕೊಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮನೆಯ ಅರ್ತಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ಬಂದು ಹೋಗುವ ತನಕ ಆನ್ ಮಾಡಬೇಡಿ.

ಯಾರನ್ನಾದರೂ ಕೇಳುವಾಗ ಮಾನಿಟರಿನ ಮೊಬೈಲ್ ಫೋಟೋ ಕಳಿಸಬೇಡಿ. ಟರ್ಮಿನಲ್‌ನ ಕೊನೆಯ ಐವತ್ತು ಸಾಲುಗಳನ್ನು ಅಕ್ಷರವಾಗಿಯೇ ಕಾಪಿ ಮಾಡಿ. ಜೊತೆಗೆ ಕಾರ್ಡಿನ ಹೆಸರು, ಅದರ ಮೆಮೊರಿ, ಡ್ರೈವರ್ ಆವೃತ್ತಿ, ಮಾದರಿಯ ಫೈಲ್ ಹೆಸರು, ಚಿತ್ರದ ಅಳತೆ, ಬ್ಯಾಚ್ ಸೈಜ್, ಎಷ್ಟನೇ ಚಿತ್ರಕ್ಕೆ ನಿಂತಿತು ಎಂಬುದನ್ನು ಬರೆಯಿರಿ. ಕಳಿಸುವ ಮುನ್ನ ಆ ಸಾಲುಗಳಲ್ಲಿ ಮಾದರಿಗಳನ್ನು ಇಳಿಸಿಕೊಳ್ಳುವ ತಾಣ ಹಗ್ಗಿಂಗ್ ಫೇಸ್‌ನ ನಿಮ್ಮ ಟೋಕನ್ ಅಥವಾ ಎಪಿಐ ಕೀ (ಪಾಸ್‌ವರ್ಡಿನಂಥ ಗುಪ್ತ ಅಕ್ಷರಸಾಲು) ಇದ್ದರೆ ಅಳಿಸಿ.